ಕಾರ್ಖಾನೆಯಲ್ಲಿ ಕಾಯುವ ಮಾಲು, ಬ್ಯಾಂಕಿನಲ್ಲಿ ಏರುವ ಬಡ್ಡಿ

ಚೆನ್ನೈಗೆ 'ಭಾರತದ ಡೆಟ್ರಾಯಿಟ್' ಎಂಬ ಹೆಸರು ಬಂದು ಬಹಳ ವರ್ಷಗಳಾದವು. ಎನ್ನೂರಿನ ಅಶೋಕ್ ಲೇಲ್ಯಾಂಡ್, ತಿರುವೊಟ್ರಿಯೂರಿನ ರಾಯಲ್ ಎನ್‌ಫೀಲ್ಡ್, ಇರುಂಗಾಟ್ಟುಕೋಟೈನ ಹ್ಯುಂಡೈ ಎಲ್ಲರಿಗೂ ಗೊತ್ತು. ಆದರೆ ಈ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಸಾವಿರಾರು ಬಿಡಿಭಾಗಗಳಲ್ಲಿ ಎಷ್ಟೋ ಸಿದ್ಧವಾಗುವುದು ಅಂಬತ್ತೂರು, ಪಾಡಿ, ಗಿಂಡಿ, ತಿರುಮುಡಿವಾಕ್ಕಂಗಳ ಸಣ್ಣ ಸಣ್ಣ ಶೆಡ್ಡುಗಳಲ್ಲಿ. ನಮ್ಮ ಕನ್ನಡ ಸಂಘಗಳ ಸದಸ್ಯರಲ್ಲಿ ಈ ಶೆಡ್ಡುಗಳನ್ನು ನಂಬಿ ಬದುಕುವವರು ಕಡಿಮೆಯೇನಿಲ್ಲ. ಟೂಲ್‌ರೂಮಿನಲ್ಲಿ ದುಡಿಯುವವರಿದ್ದಾರೆ, ಸೂಪರ್‌ವೈಸರ್‌ಗಳಿದ್ದಾರೆ, ಲೆಕ್ಕ ಬರೆಯುವವರಿದ್ದಾರೆ, ಕೈಯಲ್ಲಿದ್ದ ಪಿ.ಎಫ್. ಹಣ ಸುರಿದು ಸ್ವಂತ ಘಟಕ ತೆರೆದವರೂ ಇದ್ದಾರೆ.

ಈ ಸಣ್ಣ ಘಟಕಗಳ ಮಾಲೀಕರು ಬ್ಯಾಂಕಿಗೆ ಬಂದಾಗ ಹೇಳುವ ಮಾತು ಬಹುತೇಕ ಒಂದೇ. "ಆರ್ಡರ್ ಇದೆ ಸಾರ್, ಮೆಷಿನ್ ನಿಂತಿಲ್ಲ, ಹುಡುಗರು ಓವರ್‌ಟೈಮ್ ಮಾಡುತ್ತಿದ್ದಾರೆ. ಆದರೂ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ, ಡೆಲಿವರಿಯೂ ತಡವಾಗುತ್ತಿದೆ." ಇದರ ಬೆನ್ನಲ್ಲೇ ಬರುವ ಕೋರಿಕೆಯೂ ಒಂದೇ. ಹೊಸ ಮೆಷಿನ್‌ಗೆ ಸಾಲ ಬೇಕು!

ಹೊಸ ಮೆಷಿನ್ ಬಂದರೆ ತೊಂದರೆ ತೀರುತ್ತದೆಯೇ? ಕೆಲವೊಮ್ಮೆ ತೀರುತ್ತದೆ. ಆದರೆ ಬಹಳ ಸಲ ತೊಂದರೆ ಇರುವುದು ಮೆಷಿನ್‌ನಲ್ಲಿ ಅಲ್ಲ, ಒಂದು ಮೆಷಿನ್‌ಗೂ ಇನ್ನೊಂದು ಮೆಷಿನ್‌ಗೂ ನಡುವಿನ ಜಾಗದಲ್ಲಿ. ಅದನ್ನು ಕಣ್ಣಿಗೆ ಕಾಣುವಂತೆ ಮಾಡುವ ಒಂದು ಸರಳ ವಿಧಾನವಿದೆ. ಅದಕ್ಕೆ 'ವ್ಯಾಲ್ಯೂ ಸ್ಟ್ರೀಮ್ ಮ್ಯಾಪಿಂಗ್' ಎಂದು ಹೆಸರು. ಕನ್ನಡದಲ್ಲಿ 'ಮೌಲ್ಯಹರಿವಿನ ನಕ್ಷೆ' ಎನ್ನಬಹುದು. ಬೇಕಾದದ್ದು ಒಂದು ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್ ಮತ್ತು ನಡೆಯಲು ಎರಡು ಕಾಲು.

ಚೆಕ್ಕಿನ ಪ್ರಯಾಣ

ಕಾರ್ಖಾನೆಗೆ ಹೋಗುವ ಮೊದಲು ಎಲ್ಲರಿಗೂ ತಿಳಿದಿರುವ ಒಂದು ವಸ್ತುವಿನ ದಾರಿಯನ್ನು ನೋಡೋಣ. ಅದು ಚೆಕ್ಕು.

ಹಿಂದೆ ಬೇರೆ ಬ್ಯಾಂಕಿನ ಚೆಕ್ಕನ್ನು ಖಾತೆಗೆ ಹಾಕಿದರೆ ಹಣ ಬರಲು ದಿನಗಟ್ಟಲೆ ಕಾಯಬೇಕಿತ್ತು. ಹೊರ ಊರಿನ ಚೆಕ್ಕಾದರೆ ಕೇಳುವುದೇ ಬೇಡ. ಆ ದಿನಗಳಲ್ಲಿ ಚೆಕ್ಕಿನ ಮೇಲೆ ನಡೆಯುತ್ತಿದ್ದ ನಿಜವಾದ ಕೆಲಸ ಎಷ್ಟು? ಚಲನ್ ನೋಡುವುದು, ಮುದ್ರೆ ಒತ್ತುವುದು, ಸಹಿ ತಾಳೆ ನೋಡುವುದು, ಖಾತೆಯಲ್ಲಿ ನಮೂದಿಸುವುದು. ಎಲ್ಲ ಸೇರಿಸಿದರೂ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಚೆಕ್ಕು ಡ್ರಾಪ್ ಬಾಕ್ಸಿನಲ್ಲಿ, ಕಟ್ಟಿನಲ್ಲಿ, ಚೀಲದಲ್ಲಿ, ಮೇಜಿನ ಮೇಲೆ ಮಲಗಿರುತ್ತಿತ್ತು. ಗುಮಾಸ್ತರು ಇನ್ನಷ್ಟು ಬೇಗ ಮುದ್ರೆ ಒತ್ತಿದ್ದರೆ ಗ್ರಾಹಕನಿಗೆ ಹಣ ಒಂದು ದಿನ ಮುಂಚೆ ಸಿಗುತ್ತಿತ್ತೇ? ಖಂಡಿತ ಇಲ್ಲ.

ಬದಲಾವಣೆ ಬಂದದ್ದು ದಾರಿಯನ್ನೇ ಬದಲಿಸಿದಾಗ. ಚೆಕ್ಕಿನ ಕಾಗದ ಪ್ರಯಾಣ ಮಾಡುವ ಬದಲು ಅದರ ಚಿತ್ರ ಮಾತ್ರ ಪ್ರಯಾಣ ಮಾಡುವ 'ಚೆಕ್ ಟ್ರಂಕೇಷನ್' ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕು 2008ರಲ್ಲಿ ದೆಹಲಿಯಲ್ಲಿ, 2011ರ ಸೆಪ್ಟೆಂಬರ್‌ನಲ್ಲಿ ನಮ್ಮ ಚೆನ್ನೈಯಲ್ಲಿ ಜಾರಿಗೆ ತಂದಿತು. ಆಮೇಲೂ ಚೆಕ್ಕುಗಳು ಕಂತೆ ಕಂತೆಯಾಗಿಯೇ ಕ್ಲಿಯರಿಂಗ್‌ಗೆ ಹೋಗುತ್ತಿದ್ದವು. 2025ರ ಅಕ್ಟೋಬರ್ 4ರಿಂದ ಆ ಕಂತೆಯೂ ಹೋಯಿತು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಂದ ಚೆಕ್ಕನ್ನು ಬಂದಂತೆಯೇ ಕಳುಹಿಸುವುದು, ಹಣ ಕೊಡಬೇಕಾದ ಬ್ಯಾಂಕು ಸಂಜೆ 7ರೊಳಗೆ ಉತ್ತರ ಕೊಡುವುದು ಎಂಬ ಕ್ರಮ ಬಂತು.

ಇಲ್ಲಿ ಗಮನಿಸಬೇಕಾದದ್ದು ಎರಡು ಸಂಗತಿ. ಮೊದಲನೆಯದು, ಯಾರ ಕೈಯ ವೇಗವೂ ಹೆಚ್ಚಲಿಲ್ಲ, ಕಾಯುವ ಹೊತ್ತು ಕಡಿಮೆಯಾಯಿತು. ಎರಡನೆಯದು, ಕಂತೆ ಕಟ್ಟಿ ಕಳುಹಿಸುವುದನ್ನು ಬಿಟ್ಟು ಒಂದೊಂದಾಗಿ ಹರಿಯಬಿಟ್ಟರು. ಮೌಲ್ಯಹರಿವಿನ ನಕ್ಷೆ ಕಾರ್ಖಾನೆಯವರಿಗೆ ಕಲಿಸುವುದೂ ಇದನ್ನೇ.

ಆಸ್ತಿಯೋ, ದಂಡವೋ?

ಈ ವಿಚಾರದ ಮೂಲ ಜಪಾನಿನ ಟೊಯೋಟಾ ಕಂಪನಿ. ಅಲ್ಲಿನ ಎಂಜಿನಿಯರ್ ತೈಇಚಿ ಓನೋ ಎರಡನೇ ಮಹಾಯುದ್ಧದ ನಂತರದ ಬಡತನದ ದಿನಗಳಲ್ಲಿ ಹೊಸ ಉತ್ಪಾದನಾ ಪದ್ಧತಿಯೊಂದನ್ನು ಕಟ್ಟತೊಡಗಿದರು. ಆರ್ಡರ್ ಬಂದ ಗಳಿಗೆಯಿಂದ ಹಣ ಕೈಗೆ ಸೇರುವ ಗಳಿಗೆಯವರೆಗಿನ ಕಾಲವನ್ನು ಮೊಟಕು ಮಾಡುವುದೇ ತಮ್ಮ ಕೆಲಸ ಎಂಬುದು ಅವರ ವಿವರಣೆಯ ಸಾರ. ಅನಗತ್ಯ ಖರ್ಚನ್ನು ಅವರು ಏಳು ಬಗೆಯಾಗಿ ವಿಂಗಡಿಸಿದರು. ಬೇಡಿಕೆಗಿಂತ ಹೆಚ್ಚು ತಯಾರಿಸುವುದು, ಕಾಯುವುದು, ಸುಮ್ಮನೆ ಸಾಗಿಸುವುದು, ಬೇಡದ ಕೆಲಸ ಮಾಡುವುದು, ಮಾಲು ಕೂಡಿಹಾಕುವುದು, ಅನಾವಶ್ಯಕ ಓಡಾಟ, ಕೆಟ್ಟ ಮಾಲು ತಯಾರಿಸುವುದು. ಇವುಗಳಲ್ಲಿ ಬೇಡಿಕೆಗಿಂತ ಹೆಚ್ಚು ತಯಾರಿಸುವುದೇ ಎಲ್ಲಕ್ಕಿಂತ ಕೆಟ್ಟದ್ದು, ಉಳಿದವುಗಳಿಗೆಲ್ಲ ಅದೇ ತಾಯಿ ಎಂದು ಅವರು ತಿಳಿದಿದ್ದರು.

ಬಿ.ಕಾಂ. ಓದಿದವರಿಗೆ ಇದು ಸ್ವಲ್ಪ ಇರುಸುಮುರುಸು ತರುವ ಮಾತು. ನಾವು ಸ್ಟಾಕನ್ನು ಬರೆಯುವುದು ಆಸ್ತಿಯ ಕಡೆಗೆ. ಘಟಕದವರು ತಿಂಗಳು ತಿಂಗಳು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತಾರೆ. ಅದರಲ್ಲಿ ಮಾರ್ಜಿನ್ ಕಳೆದು ಎಷ್ಟು ಹಣ ತೆಗೆಯಬಹುದು ಎಂದು ಲೆಕ್ಕ ಹಾಕುತ್ತೇವೆ. ಸ್ಟಾಕು ಹೆಚ್ಚಿದ್ದಷ್ಟೂ ಕ್ಯಾಷ್ ಕ್ರೆಡಿಟ್‌ನಲ್ಲಿ ಹೆಚ್ಚು ಹಣ ತೆಗೆಯಲು ಅವಕಾಶ. ಹಾಗಾಗಿ ಮಾಲೀಕರಿಗೂ ಶೆಡ್ಡು ತುಂಬಿದ್ದರೆ ಸಮಾಧಾನ. ಆದರೆ ತೆಗೆದ ಹಣಕ್ಕೆ ದಿನದಿನವೂ ಬಡ್ಡಿ ಓಡುತ್ತಿರುತ್ತದೆ. ಬಿನ್ನಿನಲ್ಲಿ ಮಲಗಿರುವ ಮಾಲು ರಾತ್ರಿಯೂ ಭಾನುವಾರವೂ ಬಡ್ಡಿ ತಿನ್ನುತ್ತದೆ.

ಟೊಯೋಟಾದ ಒಳಗೆ ಮಾಲು ಮತ್ತು ಮಾಹಿತಿ ಎರಡೂ ಹೇಗೆ ಹರಿಯುತ್ತವೆ ಎಂದು ತೋರಿಸುವ ಚಿತ್ರಗಳನ್ನು ಬಳಸುತ್ತಿದ್ದರು. ಅದನ್ನು ಹೊರಗಿನವರಿಗೂ ತಿಳಿಯುವಂತೆ ಪುಸ್ತಕವಾಗಿ ಬರೆದವರು ಅಮೆರಿಕದ ಮೈಕ್ ರಾದರ್ ಮತ್ತು ಜಾನ್ ಶುಕ್. 1990ರ ದಶಕದ ಕೊನೆಯಲ್ಲಿ ಬಂದ 'ಲರ್ನಿಂಗ್ ಟು ಸೀ' ಎಂಬ ಆ ಪುಸ್ತಕದಲ್ಲಿ ಉದಾಹರಣೆಗಾಗಿ ಕಲ್ಪಿಸಿದ ಒಂದು ಕಾರ್ಖಾನೆಯಿದೆ. ಅಲ್ಲಿ ಒಂದು ಮಾಲು ಒಳಬಂದು ಹೊರಹೋಗಲು 23.6 ದಿನ ಹಿಡಿಯುತ್ತದೆ. ಅದರ ಮೇಲೆ ನಡೆಯುವ ಕೆಲಸ ಮಾತ್ರ 188 ಸೆಕೆಂಡು!

ನಮ್ಮ ಸುತ್ತಮುತ್ತ

ಇಂಥ ಶಿಸ್ತು ಜಪಾನಿಗೆ ಮಾತ್ರ ಸೀಮಿತವಲ್ಲ. ಪಾಡಿಯ ಸುಂದರಂ-ಕ್ಲೇಟನ್ ಕಂಪನಿಯ ಬ್ರೇಕ್ ವಿಭಾಗ 1998ರಲ್ಲಿ ಗುಣಮಟ್ಟಕ್ಕಾಗಿ ಜಪಾನ್ ಕೊಡುವ ಡೆಮಿಂಗ್ ಪ್ರಶಸ್ತಿ ಗಳಿಸಿತು. ಆ ಗೌರವ ಪಡೆದ ಮೊದಲ ಭಾರತೀಯ ಕಂಪನಿ ಅದು. (ಆ ಬ್ರೇಕ್ ವ್ಯವಹಾರ ನಂತರ ವ್ಯಾಬ್ಕೊ ಹೆಸರಿಗೆ, ಅಲ್ಲಿಂದ ಝಡ್‌ಎಫ್ ಹೆಸರಿಗೆ ಬದಲಾಯಿತು.) 2002ರಲ್ಲಿ ಟಿವಿಎಸ್ ಮೋಟರ್ ಕಂಪನಿಗೂ ಅದೇ ಪ್ರಶಸ್ತಿ ಬಂತು. ಅದರ ಕಾರ್ಖಾನೆ ಇರುವ ಹೊಸೂರು ಕನ್ನಡಿಗರಿಗೆ ಹೊಸದೇನಲ್ಲ. ಅಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತು. ಆಚೆ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಡಿಸೆಂಬರ್‌ನಲ್ಲಿ ಕ್ವಾಲಿಸ್ ತಯಾರಿಕೆ ಶುರುಮಾಡಿದಾಗ ಓನೋ ಅವರ ಪದ್ಧತಿ ಕರ್ನಾಟಕದ ನೆಲಕ್ಕೂ ಕಾಲಿಟ್ಟಿತು.

ದೊಡ್ಡವರಿಗೆ ಸಲಹೆಗಾರರಿದ್ದಾರೆ, ಹಣವಿದೆ. 20 ಜನರ ಶೆಡ್ಡಿನವನು ಏನು ಮಾಡಬೇಕು? ಆತ ನಕ್ಷೆ ಬರೆಯಬಹುದು. ಹೇಗೆಂದು ಒಂದು ಉದಾಹರಣೆಯ ಮೂಲಕ ನೋಡೋಣ. ಇದು ಯಾವುದೇ ನಿಜವಾದ ಘಟಕದ ಲೆಕ್ಕವಲ್ಲ, ವಿಷಯ ತಿಳಿಯಲೆಂದು ಹಾಕಿದ ಲೆಕ್ಕ.

ನಕ್ಷೆ ಬರೆಯುವ ಬಗೆ

ಅಂಬತ್ತೂರಿನಲ್ಲಿ ಕಬ್ಬಿಣದ ತಗಡಿನಿಂದ ಬ್ರಾಕೆಟ್ ಮಾಡುವ ಒಂದು ಘಟಕ ಎಂದುಕೊಳ್ಳೋಣ. ತಗಡು ಕತ್ತರಿಸಬೇಕು, ಪ್ರೆಸ್ಸಿನಲ್ಲಿ ಒತ್ತಬೇಕು, ಡ್ರಿಲ್ಲಿಂಗ್ ಮಾಡಬೇಕು, ಹೊರಗೆ ಪ್ಲೇಟಿಂಗ್‌ಗೆ ಕಳುಹಿಸಬೇಕು, ವಾಪಸ್ ಬಂದ ಮೇಲೆ ಪರೀಕ್ಷಿಸಿ ಪ್ಯಾಕ್ ಮಾಡಬೇಕು. ಗ್ರಾಹಕ ಕಂಪನಿಗೆ ದಿನಕ್ಕೆ 420 ಬ್ರಾಕೆಟ್ ಬೇಕು. 8 ಗಂಟೆಯ ಒಂದು ಶಿಫ್ಟಿನಲ್ಲಿ ಊಟ, ಚಹಾಕ್ಕೆ 1 ಗಂಟೆ ಕಳೆದರೆ ಉಳಿಯುವುದು 420 ನಿಮಿಷ. ಅಂದರೆ ನಿಮಿಷಕ್ಕೊಂದು ಬ್ರಾಕೆಟ್ ಹೊರಬಂದರೆ ಸಾಕು. ಗ್ರಾಹಕನ ಬೇಡಿಕೆಯ ಈ ತಾಳಕ್ಕೆ 'ಟ್ಯಾಕ್ಟ್' ಎನ್ನುತ್ತಾರೆ. ಅದು ಜರ್ಮನ್ ಪದ. ನಮ್ಮ ಭಜನೆಯಲ್ಲಿ ತಾಳ ಇದ್ದ ಹಾಗೆ. ತಾಳಕ್ಕಿಂತ ಮುಂದೆ ಓಡಿದರೂ ಕಷ್ಟ, ಹಿಂದೆ ಬಿದ್ದರೂ ಕಷ್ಟ.

ನಕ್ಷೆ ಬರೆಯುವವರು ಆಫೀಸಿನಲ್ಲಿ ಕುಳಿತು ಬರೆಯಬಾರದು. ಮಾಲು ಹೊರಹೋಗುವ ಬಾಗಿಲಿನಿಂದ ಶುರುಮಾಡಿ ಹಿಂದೆ ಹಿಂದೆ ಕಚ್ಚಾಮಾಲಿನ ಬಾಗಿಲಿನವರೆಗೆ ನಡೆಯಬೇಕು. ಗ್ರಾಹಕನ ಕಡೆಯಿಂದ ನೋಡಿದರೆ ಯಾವುದು ಬೇಕು, ಯಾವುದು ಬೇಡ ಎಂಬುದು ಬೇಗ ತಿಳಿಯುತ್ತದೆ. ಪ್ರತಿ ಕೆಲಸಕ್ಕೆ ಒಂದು ಚೌಕ ಬರೆದು ಅದರ ಕೆಳಗೆ ಒಂದು ಬ್ರಾಕೆಟ್‌ಗೆ ಹಿಡಿಯುವ ಸೆಕೆಂಡು, ಡೈ ಬದಲಿಸಲು ಹಿಡಿಯುವ ಹೊತ್ತು, ಎಷ್ಟು ಜನ ಎಂಬುದನ್ನು ಬರೆಯಬೇಕು. ಸೆಕೆಂಡುಗಳನ್ನು ಫೈಲಿನಿಂದ ನಕಲು ಮಾಡದೆ ಗಡಿಯಾರ ಹಿಡಿದು ತಾವೇ ನೋಡಬೇಕು. ಎರಡು ಚೌಕಗಳ ನಡುವೆ ಮಾಲು ಗುಡ್ಡೆ ಬಿದ್ದಿದ್ದರೆ ಅಲ್ಲೊಂದು ತ್ರಿಕೋನ ಬರೆದು, ಗುಡ್ಡೆಯನ್ನು ಎಣಿಸಿ ಸಂಖ್ಯೆ ಹಾಕಬೇಕು. ಆ ಸಂಖ್ಯೆಯನ್ನು ದಿನದ ಬೇಡಿಕೆಯಿಂದ ಭಾಗಿಸಿದರೆ ಎಷ್ಟು ದಿನದ ಮಾಲು ಎಂಬುದು ತಿಳಿಯುತ್ತದೆ.

ನಮ್ಮ ಘಟಕದಲ್ಲಿ ಎಣಿಸಿದಾಗ ಹೀಗೆ ಬಂತೆನ್ನೋಣ. ಕಚ್ಚಾ ತಗಡು 6,300 ಬ್ರಾಕೆಟ್‌ಗೆ ಆಗುವಷ್ಟು, ಅಂದರೆ 15 ದಿನದ್ದು. ಪ್ರೆಸ್ಸಿಗೂ ಡ್ರಿಲ್ಲಿಂಗಿಗೂ ನಡುವೆ 2,520, ಅಂದರೆ 6 ದಿನದ್ದು. ಡ್ರಿಲ್ಲಿಂಗ್ ಮುಗಿದು ಟೆಂಪೋ ತುಂಬಲಿ ಎಂದು ಕಾಯುತ್ತಿರುವುದು 1,680, ಅಂದರೆ 4 ದಿನದ್ದು. ಪ್ಲೇಟಿಂಗ್‌ನವನ ಬಳಿ 2,100, ಅಂದರೆ 5 ದಿನದ್ದು. ಸಿದ್ಧವಾಗಿ ಮೂಲೆಯಲ್ಲಿರುವುದು ಇನ್ನೊಂದು 2,100, ಅಂದರೆ ಮತ್ತೆ 5 ದಿನದ್ದು. ಒಟ್ಟು 14,700 ಬ್ರಾಕೆಟ್, 35 ದಿನ.

ಇನ್ನು ಕೆಲಸದ ಹೊತ್ತು. ಕತ್ತರಿಸಲು 8 ಸೆಕೆಂಡು, ಪ್ರೆಸ್ಸಿಗೆ 12, ಡ್ರಿಲ್ಲಿಂಗಿಗೆ 50, ಪರೀಕ್ಷೆ ಮತ್ತು ಪ್ಯಾಕಿಂಗ್‌ಗೆ 30. ಒಟ್ಟು 100 ಸೆಕೆಂಡು. ಪ್ಲೇಟಿಂಗ್ ತೊಟ್ಟಿಯಲ್ಲಿ 40 ನಿಮಿಷ ಎಂದಿಟ್ಟುಕೊಂಡರೂ ಎಲ್ಲ ಸೇರಿ 42 ನಿಮಿಷ ಆಗುವುದಿಲ್ಲ. ನಕ್ಷೆಯ ಅಡಿಯಲ್ಲಿ ಮೆಟ್ಟಿಲಿನಂಥ ಗೆರೆ ಎಳೆದು ಕಾದ ದಿನಗಳನ್ನು ಒಂದು ಮಟ್ಟದಲ್ಲಿ, ಕೆಲಸದ ಸೆಕೆಂಡುಗಳನ್ನು ಇನ್ನೊಂದು ಮಟ್ಟದಲ್ಲಿ ಬರೆದಾಗ ಮಾಲೀಕನಿಗೆ ಒಮ್ಮೆಲೇ ಕಾಣುವುದು ಇದು: 42 ನಿಮಿಷದ ಕೆಲಸಕ್ಕೆ 35 ದಿನ.

ಈಗ ಹೊಸ ಮೆಷಿನ್‌ನ ಪ್ರಶ್ನೆಗೆ ಬರೋಣ. ಡ್ರಿಲ್ಲಿಂಗ್‌ಗೇ ಹೆಚ್ಚು ಹೊತ್ತು ಹಿಡಿಯುತ್ತದೆ, ಅಲ್ಲೇ ಗುಡ್ಡೆ ಬಿದ್ದಿದೆ ಎಂದು ಮಾಲೀಕ ಸಾಲ ಮಾಡಿ ವೇಗದ ಡ್ರಿಲ್ಲಿಂಗ್ ಮೆಷಿನ್ ತಂದನೆನ್ನಿ. 50 ಸೆಕೆಂಡು 25 ಆಯಿತು. 35 ದಿನದಲ್ಲಿ ಉಳಿದದ್ದು 25 ಸೆಕೆಂಡು! ಹಳೆಯ ಮೆಷಿನ್ 50 ಸೆಕೆಂಡಿಗೆ ಒಂದು ಕೊಡುತ್ತಿತ್ತು, ಗ್ರಾಹಕನಿಗೆ ಬೇಕಾದದ್ದು 60 ಸೆಕೆಂಡಿಗೆ ಒಂದು. ಅಂದರೆ ಅದು ಸಾಕಾಗಿತ್ತು. ಹೊಸ ಮೆಷಿನ್ ಗುಡ್ಡೆಯನ್ನು ಡ್ರಿಲ್ಲಿಂಗಿನ ಈ ಬದಿಯಿಂದ ಆ ಬದಿಗೆ, ಟೆಂಪೋಗೆ ಕಾಯುವ ಜಾಗಕ್ಕೆ ತಳ್ಳುತ್ತದೆ ಅಷ್ಟೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ.

ನಕ್ಷೆಯ ಮೇಲ್ಭಾಗದಲ್ಲಿ ಮಾಹಿತಿಯ ದಾರಿಯನ್ನೂ ಬರೆಯಬೇಕು. ಆರ್ಡರ್ ಹೇಗೆ ಬರುತ್ತದೆ, ಯಾರು ಯಾರಿಗೆ ಹೇಳುತ್ತಾರೆ? ಹಲವು ಕಡೆ ಪ್ಲಾನಿಂಗ್ ಗುಮಾಸ್ತ ಪ್ರತಿ ಮೆಷಿನ್‌ಗೂ ಬೇರೆ ಬೇರೆ ಚೀಟಿ ಕೊಡುತ್ತಾನೆ. ಪ್ರೆಸ್ಸಿನವನು ತನ್ನ ಚೀಟಿ ನೋಡಿ ಒತ್ತುತ್ತಾನೆ, ಡ್ರಿಲ್ಲಿಂಗ್‌ನವನು ತನ್ನದನ್ನು ನೋಡಿ ಕೊರೆಯುತ್ತಾನೆ. ಮುಂದಿನವನಿಗೆ ಈಗ ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಸ್ಥಿತಿ. ಗುಡ್ಡೆ ಬೀಳುವುದು ಸೋಮಾರಿತನದಿಂದಲ್ಲ. ಎಲ್ಲರೂ ಚೀಟಿಯಲ್ಲಿದ್ದ ಕೆಲಸವನ್ನು ಸರಿಯಾಗಿ ಮಾಡುತ್ತಿರುವುದರಿಂದಲೇ ಬೀಳುತ್ತದೆ.

ದೋಸೆ ಮತ್ತು ಸಾಂಬಾರ್

ಇದಕ್ಕೆ ಪರಿಹಾರ ನಮ್ಮ ಉಡುಪಿ ಹೋಟೆಲುಗಳ ಅಡಿಗೆಮನೆಯಲ್ಲಿದೆ. 1938ರಲ್ಲಿ ಕೆ. ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಾಲದಿಂದ ಈ ಊರಿನವರಿಗೆ ಉಡುಪಿ ಹೋಟೆಲು ಎಂದರೆ ಕುಳಿತ ಐದು ನಿಮಿಷದಲ್ಲಿ ಬಿಸಿ ತಿಂಡಿ. ಅಲ್ಲಿ ಬೆಳಿಗ್ಗೆಯೇ 300 ದೋಸೆ ಹುಯ್ದು ಜೋಡಿಸಿಡುವುದಿಲ್ಲ. ಆರ್ಡರ್ ಬಂದಾಗಲೇ ಹೆಂಚಿಗೆ ಹಿಟ್ಟು. ಇಡ್ಲಿ ಬೇಯಲು ಹೊತ್ತು ಬೇಕಾದ್ದರಿಂದ ಒಂದೆರಡು ತಟ್ಟೆ ಮುಂಚೆಯೇ ಸಿದ್ಧ. ಅದು ಖಾಲಿಯಾಗುತ್ತಾ ಬಂದಂತೆ ಮುಂದಿನದು ಒಲೆಗೆ. ಸಾಂಬಾರ್ ಮಾತ್ರ ದೊಡ್ಡ ಪಾತ್ರೆಯಲ್ಲಿ.

ಲೀನ್ ಪದ್ಧತಿಯ ಭಾಷೆಯಲ್ಲಿ ದೋಸೆ ನಿರಂತರ ಹರಿವು. ಇಡ್ಲಿ, ಖಾಲಿಯಾದಷ್ಟನ್ನೇ ತುಂಬುವ ಸಣ್ಣ ದಾಸ್ತಾನು. ಅದಕ್ಕೆ ಅವರು 'ಸೂಪರ್‌ಮಾರ್ಕೆಟ್' ಎನ್ನುತ್ತಾರೆ. ಕಪಾಟಿನಿಂದ ಗ್ರಾಹಕ ತೆಗೆದುಕೊಂಡಷ್ಟನ್ನು ಮಾತ್ರ ಮತ್ತೆ ಜೋಡಿಸುವ ಅಮೆರಿಕದ ಸೂಪರ್‌ಮಾರ್ಕೆಟ್‌ನಿಂದ ಓನೋ ಈ ಉಪಾಯ ಹಿಡಿದರು. ಯಾವುದನ್ನು ದೋಸೆಯಂತೆ, ಯಾವುದನ್ನು ಇಡ್ಲಿಯಂತೆ, ಯಾವುದನ್ನು ಸಾಂಬಾರಿನಂತೆ ಮಾಡಬೇಕು ಎಂದು ನಿರ್ಧರಿಸಿ ಬರೆಯುವ ಎರಡನೆಯ ಚಿತ್ರಕ್ಕೆ 'ಮುಂದಿನ ಸ್ಥಿತಿಯ ನಕ್ಷೆ' ಎಂದು ಹೆಸರು. ಮೊದಲ ನಕ್ಷೆ ಈಗ ಹೇಗಿದೆ ಎಂದು ತೋರಿಸಿದರೆ, ಇದು ಹೇಗಿರಬೇಕು ಎಂದು ತೋರಿಸುತ್ತದೆ.

ನಮ್ಮ ಬ್ರಾಕೆಟ್ ಘಟಕದ ಎರಡನೆಯ ನಕ್ಷೆಯಲ್ಲಿ ತಗಡು 5 ದಿನದ್ದು, ಪ್ರೆಸ್ಸಿನ ನಂತರ 1 ದಿನದ್ದು, ಟೆಂಪೋಗೆ ಕಾಯುವುದು 1 ದಿನದ್ದು, ಪ್ಲೇಟಿಂಗ್‌ನಲ್ಲಿ 2 ದಿನದ್ದು, ಸಿದ್ಧಮಾಲು 3 ದಿನದ್ದು ಎಂದು ಬರೆಯೋಣ. ಒಟ್ಟು 12 ದಿನ, 5,040 ಬ್ರಾಕೆಟ್. ಸರಾಸರಿ ಒಂದಕ್ಕೆ 100 ರೂಪಾಯಿ ಹೂಡಿಕೆ ಎಂದರೆ 14.70 ಲಕ್ಷದ ಮಾಲು 5.04 ಲಕ್ಷಕ್ಕೆ ಇಳಿಯಿತು. 9.66 ಲಕ್ಷ ರೂಪಾಯಿ ಬಿಡುಗಡೆ. ಶೇಕಡಾ 11ರ ಬಡ್ಡಿಯಾದರೆ ವರ್ಷಕ್ಕೆ 1,06,260 ರೂಪಾಯಿ ಉಳಿತಾಯ. ಆ ಹಣದಲ್ಲಿ ಒಂದು ಪಾಲು ಮಾಲೀಕನ ಸ್ವಂತದ್ದೂ ಆಗಿರುತ್ತದೆ, ಆದರೆ ಸ್ವಂತ ಹಣಕ್ಕೂ ಬಡ್ಡಿ ಕಟ್ಟಿ ನೋಡುವುದೇ ಸರಿಯಾದ ಲೆಕ್ಕ.

ಲಾಭ ಬಡ್ಡಿಯದಷ್ಟೇ ಅಲ್ಲ. ಪ್ರೆಸ್ಸಿನ ಡೈ ಸವೆದು ಅಂಚು ಕೆಟ್ಟರೆ, ಮೊದಲ ನಕ್ಷೆಯ ಪ್ರಕಾರ ಅದು ಪರೀಕ್ಷೆಯ ಮೇಜಿಗೆ ಬರಲು 15 ದಿನ ಬೇಕು. ಅಷ್ಟರೊಳಗೆ 6,300 ಬ್ರಾಕೆಟ್ ಕೆಟ್ಟಿರಬಹುದು. ಎರಡನೆಯ ನಕ್ಷೆಯಲ್ಲಿ 4 ದಿನಕ್ಕೇ ತಪ್ಪು ಕಣ್ಣಿಗೆ ಬೀಳುತ್ತದೆ.

ಯೋಜನೆ ಇಲ್ಲದಿದ್ದರೆ ನಕ್ಷೆ ಬರಿಯ ಚಿತ್ರ

ನಕ್ಷೆ ಬರೆದು ಗೋಡೆಗೆ ಅಂಟಿಸಿ ಮರೆಯುವವರು ಬಹಳ. ಎಲ್ಲವನ್ನೂ ಒಂದೇ ದಿನ ಬದಲಿಸಹೊರಟು ಕೈಸುಟ್ಟುಕೊಳ್ಳುವವರೂ ಇದ್ದಾರೆ. ಆದ್ದರಿಂದ ಮೂರನೆಯ ಹಾಳೆ ಬೇಕು. ಅದು ಕೆಲಸದ ಯೋಜನೆ. ದಾರಿಯನ್ನು ಎರಡು ಮೂರು ತುಂಡು ಮಾಡಿ, ಪ್ರತಿ ತುಂಡಿಗೂ ಏನು ಮಾಡಬೇಕು, ಯಾರು ಮಾಡಬೇಕು, ಯಾವಾಗ ಮುಗಿಯಬೇಕು, ಮುಗಿದದ್ದು ಯಾವ ಅಂಕಿಯಿಂದ ತಿಳಿಯುತ್ತದೆ ಎಂದು ಬರೆಯಬೇಕು. ಶುರುಮಾಡುವುದು ಗ್ರಾಹಕನಿಗೆ ಹತ್ತಿರದ ತುದಿಯಿಂದ.

ನಮ್ಮ ಘಟಕಕ್ಕೆ ಮೊದಲ ತುಂಡು ಟೆಂಪೋ, ಪ್ಲೇಟಿಂಗ್ ಮತ್ತು ಪ್ಯಾಕಿಂಗ್. ಟೆಂಪೋ ತುಂಬಲಿ ಎಂದು 4 ದಿನ ಕಾಯುವ ಬದಲು ಪಕ್ಕದ ಶೆಡ್ಡಿನವರೊಡನೆ ಹಂಚಿಕೊಂಡು ದಿನಾ ಒಂದು ಟ್ರಿಪ್ ಕಳುಹಿಸುವುದು, ದಿನಾ ಬಂದಷ್ಟನ್ನು ದಿನಾ ತೊಟ್ಟಿಗಿಳಿಸಲು ಪ್ಲೇಟಿಂಗ್‌ನವರೊಡನೆ ಮಾತಾಡುವುದು. ಗಡುವು ಮೂರು ತಿಂಗಳು. ಗುರಿ 14 ದಿನದ ಮಾಲು 6 ದಿನಕ್ಕೆ ಇಳಿಯುವುದು. ಇದಕ್ಕೆ ಸಾಲ ಬೇಕಿಲ್ಲ.

ಎರಡನೆಯ ತುಂಡು ಪ್ರೆಸ್ಸು. ಡೈ ಬದಲಿಸಲು 3 ಗಂಟೆ ಹಿಡಿಯುವುದರಿಂದಲೇ ಒಮ್ಮೆ ಕೂರಿಸಿದರೆ 6 ದಿನದ ಮಾಲು ಒತ್ತಿಬಿಡುತ್ತಾರೆ. ಆ 3 ಗಂಟೆಯನ್ನು 30 ನಿಮಿಷಕ್ಕೆ ಇಳಿಸಿದರೆ ದಿನಾ ಡೈ ಬದಲಿಸಬಹುದು. 6 ದಿನಕ್ಕೆ 6 ಸಲ 30 ನಿಮಿಷ ಅಂದರೂ ಅದೇ 3 ಗಂಟೆ. ಮೆಷಿನ್ ನಿಂತ ಹೊತ್ತು ಒಂದು ನಿಮಿಷವೂ ಹೆಚ್ಚಲಿಲ್ಲ, ಗುಡ್ಡೆ ಮಾತ್ರ ಆರರಲ್ಲಿ ಒಂದು ಪಾಲಾಯಿತು. ಇದು ಆಗದ ಮಾತಲ್ಲ. ಟೊಯೋಟಾದ ದೊಡ್ಡ ಪ್ರೆಸ್ಸೊಂದರಲ್ಲಿ 4 ಗಂಟೆ ಹಿಡಿಯುತ್ತಿದ್ದ ಡೈ ಬದಲಾವಣೆ 3 ನಿಮಿಷಕ್ಕೆ ಇಳಿಯಿತೆಂದು ಅದರ ಮುಂದಾಳು ಶಿಗಿಯೋ ಶಿಂಗೊ ದಾಖಲಿಸಿದ್ದಾರೆ. ಉಪಾಯ ಸರಳ. ಮೆಷಿನ್ ಓಡುತ್ತಿರುವಾಗಲೇ ಮುಂದಿನ ಡೈ, ಬೋಲ್ಟು, ಸ್ಪಾನರ್ ಎಲ್ಲ ಪಕ್ಕಕ್ಕೆ ತಂದಿಡುವುದು, ಮೆಷಿನ್ ನಿಂತಾಗ ಮಾಡಲೇಬೇಕಾದದ್ದನ್ನು ಮಾತ್ರ ಆಗ ಮಾಡುವುದು.

ಮೂರನೆಯದು ಕಚ್ಚಾಮಾಲು. ತಿಂಗಳಿಗೊಮ್ಮೆ ತರುವ ಬದಲು ವಾರಕ್ಕೊಮ್ಮೆ ತರುವುದು. ಇದು ಸುಲಭವೆಂದು ಮೊದಲೇ ಮಾಡಹೊರಟರೆ ಕೆಲಸ ಕೆಡುತ್ತದೆ. ಪ್ರೆಸ್ಸು ಇನ್ನೂ 6 ದಿನದ ಮಾಲನ್ನು ಒಮ್ಮೆಲೇ ಕೇಳುತ್ತಿರುವಾಗ ತಗಡು 5 ದಿನದ್ದು ಮಾತ್ರ ಇದ್ದರೆ ಪ್ರೆಸ್ಸು ಉಪವಾಸ ಬೀಳುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವುದೇ ನಕ್ಷೆಯ ನಿಜವಾದ ಉಪಕಾರ.

ಇನ್ನೊಂದು ಮುಖ್ಯ ಸಂಗತಿ. ತಗಡಿನ ಬಾಗಿಲಿನಿಂದ ಟೆಂಪೋ ಬಾಗಿಲಿನವರೆಗೆ ಇಡೀ ದಾರಿಗೆ ಒಬ್ಬರೇ ಜವಾಬ್ದಾರರಾಗಿರಬೇಕು. ಪ್ರೆಸ್ಸಿಗೆ ಒಬ್ಬ, ಡ್ರಿಲ್ಲಿಂಗಿಗೆ ಒಬ್ಬ ಎಂದು ಹಂಚಿದರೆ ನಡುವಿನ ಗುಡ್ಡೆಗೆ ಯಾರೂ ಯಜಮಾನರಿಲ್ಲ. ಸಣ್ಣ ಘಟಕದಲ್ಲಿ ಈ ಕೆಲಸ ಮಾಲೀಕನದೇ.

ಎಚ್ಚರಿಕೆಯ ಮಾತುಗಳು

ಈ ಪದ್ಧತಿಗೆ ಇನ್ನೊಂದು ಮುಖವೂ ಇದೆ. ಗಡಿಯಾರ ಹಿಡಿದು ಮೆಷಿನ್ ಪಕ್ಕ ನಿಂತರೆ ಕೆಲಸಗಾರನಿಗೆ ಅನುಮಾನ ಬರುವುದು ಸಹಜ. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್‌ನಲ್ಲಿ ಮುಷ್ಕರ, ಲಾಕೌಟ್ ನಡೆದು ತಿಕ್ಕಾಟ ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಹೊರೆ ವಿಪರೀತವಾಗಿದೆ ಎಂಬುದು ಕಾರ್ಮಿಕ ಸಂಘದ ದೂರು. ಇದು ಶಿಸ್ತಿನ ಪ್ರಶ್ನೆ ಎಂಬುದು ಆಡಳಿತದ ನಿಲುವು. ಸರಿ ತಪ್ಪಿನ ತೀರ್ಮಾನ ಇಲ್ಲಿ ಬೇಡ. ಆದರೆ ನಕ್ಷೆ ಬರೆಯುವವರು ಒಂದನ್ನು ನೆನಪಿಡಬೇಕು. 35 ದಿನದಲ್ಲಿ ಕೆಲಸಗಾರನ ಕೈಯಲ್ಲಿರುವುದು 100 ಸೆಕೆಂಡು ಮಾತ್ರ. ಉಳಿದದ್ದು ಮಾಲೀಕ, ಮ್ಯಾನೇಜರ್, ಖರೀದಿ, ಸಾಗಣೆಯವರ ಕೈಯಲ್ಲಿದೆ. ಆ 100 ಸೆಕೆಂಡನ್ನು ಹಿಂಡಹೊರಟವರಿಗೆ ನಕ್ಷೆಯನ್ನು ಓದಲು ಬಂದಿಲ್ಲ ಎಂದೇ ಅರ್ಥ. ನಡೆಯುವಾಗ ಪ್ರೆಸ್ಸಿನವನನ್ನೂ ಪ್ಯಾಕಿಂಗ್‌ನ ಹೆಂಗಸರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು. ಗುಡ್ಡೆ ಯಾಕೆ ಬಿದ್ದಿದೆ ಎಂದು ಬಲ್ಲವರು ಅವರೇ.

ಎರಡನೆಯ ಎಚ್ಚರಿಕೆ ಮಳೆಯದು. 2015ರ ಡಿಸೆಂಬರ್ ಪ್ರವಾಹದಲ್ಲಿ ಇಲ್ಲಿನ ಕಾರ್ಖಾನೆಗಳು ಬಾಗಿಲು ಮುಚ್ಚಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಅಂಬತ್ತೂರು ಕೈಗಾರಿಕಾ ವಸಾಹತಿನೊಳಗೇ ನೀರು ನುಗ್ಗಿ ಮೆಷಿನ್‌ಗಳು ಮುಳುಗಿದವು. 2011ರ ಭೂಕಂಪ ಮತ್ತು ಸುನಾಮಿಯ ನಂತರ ಟೊಯೋಟಾ ಕಂಪನಿಯೇ ಕೆಲವು ಮುಖ್ಯ ಬಿಡಿಭಾಗಗಳನ್ನು ತಿಂಗಳುಗಟ್ಟಲೆಗೆ ಆಗುವಷ್ಟು ಇಡುವಂತೆ ಪೂರೈಕೆದಾರರಿಗೆ ಹೇಳಿತು. ಆದ್ದರಿಂದ ದಾಸ್ತಾನು ಎಂದರೆ ಪಾಪ ಎಂದು ತಿಳಿಯಬೇಕಾಗಿಲ್ಲ. ಮಳೆಗಾಲಕ್ಕೆಂದು ಲೆಕ್ಕ ಹಾಕಿ, ಎತ್ತರದ ಜಾಗದಲ್ಲಿ, ಇಷ್ಟೇ ಎಂದು ಇಟ್ಟದ್ದು ಆಪದ್ಧನ. ಯಾಕಿದೆ ಎಂದು ಯಾರಿಗೂ ಗೊತ್ತಿಲ್ಲದೆ ಬಿದ್ದಿರುವುದು ದಂಡ.

ಸರ್ಕಾರದ ನೆರವು

ಸಣ್ಣ ಘಟಕಗಳಿಗಾಗಿ ಕೇಂದ್ರ ಸರ್ಕಾರದ ಎಂಎಸ್‌ಎಂಇ ಸಚಿವಾಲಯ 2023ರ ಮಾರ್ಚ್‌ನಲ್ಲಿ ಲೀನ್ ಯೋಜನೆಯನ್ನು ಹೊಸ ರೂಪದಲ್ಲಿ ಆರಂಭಿಸಿತು. ಮೂಲ, ಮಧ್ಯಮ, ಉನ್ನತ ಎಂದು ಮೂರು ಹಂತ. ಸಲಹೆಗಾರರ ಶುಲ್ಕದ ಶೇಕಡಾ 90ರಷ್ಟನ್ನು ಸರ್ಕಾರ ಭರಿಸುವುದಾಗಿ ಆಗ ಪ್ರಕಟಿಸಲಾಯಿತು. ಉದ್ಯಮ್ ನೋಂದಣಿ ಇರುವ ಉತ್ಪಾದನಾ ಘಟಕಗಳಿಗೆ ಇದು ಅನ್ವಯ. ಯೋಜನೆಯ ಸಾಧನಗಳಲ್ಲಿ ಮೌಲ್ಯಹರಿವಿನ ನಕ್ಷೆಯೂ ಒಂದು. ಈಗಿನ ನಿಯಮಗಳನ್ನು ಗಿಂಡಿಯಲ್ಲಿರುವ ಎಂಎಸ್‌ಎಂಇ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಸಲಹೆಗಾರ ಬರುವ ಮುಂಚೆಯೇ ಮೊದಲ ನಕ್ಷೆಯನ್ನು ತಾವೇ ಬರೆದಿಟ್ಟುಕೊಂಡರೆ ಅವರ ಸಮಯವೂ ಉಳಿಯುತ್ತದೆ, ತಮ್ಮ ಪ್ರಶ್ನೆಗಳೂ ಸ್ಪಷ್ಟವಾಗಿರುತ್ತವೆ.

ಕಾರ್ಖಾನೆ ಇಲ್ಲದ ಸದಸ್ಯರಿಗೂ ಇದು ಪರಕೀಯವಲ್ಲ. ರಾಜ್ಯೋತ್ಸವಕ್ಕೆ ಬರಬೇಕಾದ ಸ್ಮರಣ ಸಂಚಿಕೆ ಸಂಕ್ರಾಂತಿಗೆ ಬರುವುದು ಹಲವು ಸಂಘಗಳಲ್ಲಿ ಕಂಡದ್ದೇ. ಲೇಖನ, ಜಾಹೀರಾತು, ಡಿಟಿಪಿ, ಕರಡು ತಿದ್ದುವುದು, ಮುದ್ರಣ ಎಂದು ಐದು ಚೌಕ ಬರೆದು, ನಡುವೆ ಎಷ್ಟು ದಿನ ಹೋಯಿತೆಂದು ತುಂಬಿ ನೋಡಿ. ಪ್ರೆಸ್ಸಿನವನ ತಪ್ಪೆಷ್ಟು, ನಮ್ಮ ಮೇಜಿನ ಮೇಲೆ ಮಲಗಿದ್ದೆಷ್ಟು ಎಂಬುದು ಗೊತ್ತಾಗುತ್ತದೆ.

ನಮ್ಮ ಸಂಘಗಳಲ್ಲಿ ದೊಡ್ಡ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್‌ಗಳಿದ್ದಾರೆ. ಅದೇ ಸಭಾಂಗಣದಲ್ಲಿ ಅಂಬತ್ತೂರಿನಲ್ಲಿ ಶೆಡ್ಡು ನಡೆಸುತ್ತಾ ಬಡ್ಡಿ ಕಟ್ಟುತ್ತಿರುವವರೂ ಕೂರುತ್ತಾರೆ. ತಿಂಗಳಿಗೊಂದು ಭಾನುವಾರ ಇವರಿಬ್ಬರನ್ನೂ ಒಂದು ಮೇಜಿಗೆ ತಂದು ದೊಡ್ಡ ಹಾಳೆಯೊಂದನ್ನು ಹರಡಿದರೆ ಅದಕ್ಕಿಂತ ಒಳ್ಳೆಯ ಸೇವೆ ಬೇರೆ ಬೇಕೆ? ಹೊಸ ಮೆಷಿನ್‌ಗೆ ಅರ್ಜಿ ಹಿಡಿದು ಬ್ಯಾಂಕಿಗೆ ಹೋಗುವ ಮುಂಚೆ ಆ ಹಾಳೆಯ ಮುಂದೆ ಅರ್ಧ ದಿನ ಕುಳಿತರೆ ಎಷ್ಟೋ ಘಟಕಗಳು ಬೇಡದ ಸಾಲದಿಂದ ಉಳಿಯುತ್ತವೆ. ನಿಜವಾಗಿ ಮೆಷಿನ್ ಬೇಕಾದವರು ಅದೇ ಹಾಳೆಯನ್ನು ಅರ್ಜಿಯ ಜೊತೆ ಮ್ಯಾನೇಜರ್ ಮೇಜಿನ ಮೇಲೆ ಇಡಬಹುದು.